ಚಂದ್ರನ ನೆಲ ಯಾರದೂ ಅಲ್ಲ, ಮಣ್ಣು ಮಾತ್ರ ಅವರದೇ?

2020ರ ಡಿಸೆಂಬರ್‌ನಲ್ಲಿ ಅಮೇರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಒಂದು ವಿಚಿತ್ರ ಖರೀದಿಗೆ ಸಹಿ ಹಾಕಿತು. ಲೂನಾರ್ ಔಟ್‌ಪೋಸ್ಟ್ ಎಂಬ ಖಾಸಗಿ ಕಂಪೆನಿ ಚಂದ್ರನ ಮೇಲೆ ಒಂದಿಷ್ಟು ಮಣ್ಣನ್ನು ಗೋರಿ, ಅದರ ಚಿತ್ರ ತೆಗೆದು, ಅಲ್ಲಿಯೇ ಅದರ ಒಡೆತನವನ್ನು ನಾಸಾಕ್ಕೆ ವರ್ಗಾಯಿಸಬೇಕು. ಮಣ್ಣನ್ನು ಭೂಮಿಗೆ ತರಬೇಕಾಗಿಲ್ಲ. ಬೆಲೆ ಒಂದು ಡಾಲರ್. ಇಂತಹುದೇ ಕರಾರನ್ನು ಜಪಾನಿನ ಐಸ್ಪೇಸ್ ಕಂಪೆನಿಯ ಜೊತೆಗೂ ಮಾಡಿಕೊಳ್ಳಲಾಯಿತು. ಅದಕ್ಕೆ ಐದು ಸಾವಿರ ಡಾಲರ್. ಐಸ್ಪೇಸ್‌ನ ನೌಕೆಗಳು 2023ರ ಎಪ್ರಿಲ್‌ನಲ್ಲೊಮ್ಮೆ, 2025ರ ಜೂನ್‌ನಲ್ಲೊಮ್ಮೆ ಚಂದ್ರನಿಗೆ ಅಪ್ಪಳಿಸಿ ನುಚ್ಚುನೂರಾದವು. ಲೂನಾರ್ ಔಟ್‌ಪೋಸ್ಟ್‌ನ ಪುಟ್ಟ ಗಾಡಿಯನ್ನು ಹೊತ್ತ ನೌಕೆ 2025ರ ಮಾರ್ಚ್‌ನಲ್ಲಿ ಇಳಿಯಿತಾದರೂ ಮಗ್ಗುಲಿಗೆ ಉರುಳಿಬಿದ್ದು ಗಾಡಿ ಅದರೊಳಗೇ ಉಳಿಯಿತು. ಒಂದು ಡಾಲರಿನ ಮಣ್ಣು ಚಂದ್ರನಲ್ಲಿಯೇ ಬಿದ್ದಿದೆ.

ಇದನ್ನು ಓದಿ ನಗುವವರು ನಗಬಹುದು. ಆದರೆ ನಾಸಾಕ್ಕೆ ಬೇಕಾಗಿದ್ದುದು ಮಣ್ಣಲ್ಲ. ಖಾಸಗಿ ಕಂಪೆನಿಯೊಂದು ಚಂದ್ರನ ವಸ್ತುವನ್ನು ತೆಗೆದು ಮಾರಬಹುದು, ಇನ್ನೊಬ್ಬರು ಕೊಳ್ಳಬಹುದು ಎಂಬುದಕ್ಕೆ ಒಂದು ಪೂರ್ವನಿದರ್ಶನ ಬೇಕಾಗಿತ್ತು. ಅಂದಿನ ನಾಸಾ ಮುಖ್ಯಸ್ಥ ಜಿಮ್ ಬ್ರೈಡನ್‌ಸ್ಟೈನ್ ಇದನ್ನು ಮುಚ್ಚಿಡಲೂ ಇಲ್ಲ. ಅಂತರಾಷ್ಟ್ರೀಯ ಕಾನೂನಿನಲ್ಲಿ ಒಂದು ಕೃತ್ಯವನ್ನು ಮಾಡುತ್ತಾ ಹೋದರೆ, ಇತರರು ಮೌನವಾಗಿದ್ದರೆ, ಆ ಮೌನವೇ ಕಾಲಕ್ರಮೇಣ ಒಪ್ಪಿಗೆಯಾಗಿ ಪರಿಗಣಿಸಲ್ಪಡುತ್ತದೆ. ಒಂದು ಡಾಲರಿಗೆ ಕೊಳ್ಳಲು ಹೊರಟದ್ದು ಈ ಮೌನವನ್ನು.

ಹಾಗಾದರೆ ಕಾನೂನು ಏನು ಹೇಳುತ್ತದೆ? 1967ರ ಬಾಹ್ಯಾಕಾಶ ಒಪ್ಪಂದವು ಈ ಕ್ಷೇತ್ರದ ಸಂವಿಧಾನವಿದ್ದಂತೆ. ಅಮೇರಿಕ ಮತ್ತು ಸೋವಿಯತ್ ಒಕ್ಕೂಟ ಪರಸ್ಪರ ಅಪನಂಬಿಕೆಯ ತುತ್ತತುದಿಯಲ್ಲಿದ್ದ ಕಾಲದಲ್ಲಿ ರೂಪುಗೊಂಡ ಈ ಒಪ್ಪಂದದಲ್ಲಿ ಇಂದು ನೂರಕ್ಕೂ ಹೆಚ್ಚು ರಾಷ್ಟ್ರಗಳಿವೆ. ಬಾಹ್ಯಾಕಾಶದ ಅನ್ವೇಷಣೆ ಮತ್ತು ಬಳಕೆಯು ಆರ್ಥಿಕ, ವೈಜ್ಞಾನಿಕ ಪ್ರಗತಿಯ ಭೇದವಿಲ್ಲದೆ ಎಲ್ಲ ದೇಶಗಳ ಹಿತಕ್ಕಾಗಿ ನಡೆಯಬೇಕು ಎಂದು ಅದರ ಮೊದಲ ವಿಧಿ ಹೇಳುತ್ತದೆ. ಸಾರ್ವಭೌಮತ್ವದ ಘೋಷಣೆಯಿಂದಾಗಲಿ, ಬಳಕೆಯಿಂದಾಗಲಿ, ಆಕ್ರಮಿಸಿ ಕೂರುವುದರಿಂದಾಗಲಿ, ಬೇರಾವುದೇ ವಿಧಾನದಿಂದಾಗಲಿ ಚಂದ್ರ ಮತ್ತಿತರ ಆಕಾಶಕಾಯಗಳನ್ನು ಯಾವ ರಾಷ್ಟ್ರವೂ ಸ್ವಂತ ಮಾಡಿಕೊಳ್ಳುವಂತಿಲ್ಲ ಎಂಬುದು ಎರಡನೆಯ ವಿಧಿ. ಖಾಸಗಿಯವರ ಚಟುವಟಿಕೆಗೂ ಆಯಾ ಸರಕಾರವೇ ಹೊಣೆ, ಸರಕಾರದ ಅನುಮತಿ ಮತ್ತು ನಿರಂತರ ಮೇಲ್ವಿಚಾರಣೆ ಇರಲೇಬೇಕು ಎಂದು ಆರನೆಯ ವಿಧಿ ಹೇಳುತ್ತದೆ. ಅರ್ಥಾತ್, ಸರಕಾರಕ್ಕೆ ನಿಷಿದ್ಧವಾದುದನ್ನು ಕಂಪೆನಿಯ ಹೆಸರಲ್ಲಿ ಮಾಡಿಸಿಕೊಳ್ಳುವ ಹಿಂಬಾಗಿಲನ್ನೂ ಆಗಲೇ ಮುಚ್ಚಲಾಗಿತ್ತು.

ಆ ಬಾಗಿಲನ್ನು ತೆರೆದದ್ದು 2015ರ ನವೆಂಬರ್ 25ರಂದು ಬರಾಕ್ ಒಬಾಮಾ ಸಹಿ ಹಾಕಿದ ಕಾಯ್ದೆ. ಅಮೇರಿಕದ ಪ್ರಜೆಯೊಬ್ಬ ಕ್ಷುದ್ರಗ್ರಹದ ಅಥವಾ ಬಾಹ್ಯಾಕಾಶದ ಸಂಪನ್ಮೂಲವನ್ನು ಪಡೆದರೆ ಅದನ್ನು ವಶದಲ್ಲಿಟ್ಟುಕೊಳ್ಳುವ, ಅದರ ಒಡೆಯನಾಗುವ, ಸಾಗಿಸುವ, ಬಳಸುವ ಮತ್ತು ಮಾರುವ ಹಕ್ಕು ಅವನಿಗಿದೆ ಎಂದು ಅದು ಸಾರಿತು. ಈ ಐದು ಕ್ರಿಯಾಪದಗಳನ್ನು ಓದುಗರು ನೆನಪಿಟ್ಟುಕೊಳ್ಳಬೇಕು; ಮುಂದೆ ಅವು ನಮ್ಮ ಮನೆಯಂಗಳದಲ್ಲೇ ಎದುರಾಗುತ್ತವೆ. ಅದೇ ಕಾಯ್ದೆ, ಇದರಿಂದ ಅಮೇರಿಕ ಯಾವ ಆಕಾಶಕಾಯದ ಮೇಲೂ ಸಾರ್ವಭೌಮತ್ವ ಸ್ಥಾಪಿಸುತ್ತಿಲ್ಲ ಎಂದೂ ಸೇರಿಸಿತು. ನೆಲ ನನ್ನದಲ್ಲ, ನೆಲದಲ್ಲಿರುವುದೆಲ್ಲ ನನ್ನದು! ತೋಟ ನಿನ್ನದೇ ಇರಲಿ, ತೆಂಗು, ಅಡಿಕೆ, ಬಾವಿಯ ನೀರು ಮಾತ್ರ ನನಗಿರಲಿ ಎಂದು ನೆರೆಮನೆಯವನು ಹೇಳಿದರೆ ನಾವು ಅದನ್ನು ಔದಾರ್ಯವೆಂದು ಕರೆಯುತ್ತೇವೆಯೇ?

ಇದಕ್ಕೆ ಸಮರ್ಥಕರಲ್ಲಿ ಒಂದು ಸಿದ್ಧ ಉತ್ತರವಿದೆ. ಮುಕ್ತ ಸಾಗರ ಯಾರದೂ ಅಲ್ಲ, ಆದರೂ ಅಲ್ಲಿ ಹಿಡಿದ ಮೀನು ಬೆಸ್ತನದಾಗುತ್ತದಲ್ಲವೇ ಎಂದು ಅವರು ಕೇಳುತ್ತಾರೆ. ಈ ವಾದವನ್ನು ತಳ್ಳಿಹಾಕುವಷ್ಟು ಹಗುರವೆಂದು ನಾವು ಭಾವಿಸುವುದಿಲ್ಲ. ಸ್ಪಷ್ಟ ನಿಷೇಧ ಇಲ್ಲದಿರುವಾಗ ಸಂಪನ್ಮೂಲದ ಬಳಕೆಗೆ ಅವಕಾಶವಿದೆಯೆಂದು ತೀರ್ಮಾನಿಸಬಹುದು ಎಂದು ಅಂತರಾಷ್ಟ್ರೀಯ ಬಾಹ್ಯಾಕಾಶ ಕಾನೂನು ಸಂಸ್ಥೆಯೂ 2015ರಲ್ಲಿ ಹೇಳಿತ್ತು. ಆದರೆ ಮೀನು ಮರಿ ಹಾಕುತ್ತದೆ. ಚಂದ್ರನ ಧ್ರುವಗಳ ಗುಳಿಗಳಲ್ಲಿರುವ ಹಿಮ ಮರಿ ಹಾಕುವುದಿಲ್ಲ. ಸೂರ್ಯನ ಬೆಳಕು ಎಂದೂ ತಾಗದ ಆಳದಲ್ಲಿ ಯುಗಯುಗಗಳಿಂದ ಸಂಗ್ರಹವಾದ ಅದು ಒಮ್ಮೆ ಕಾಯಿಸಿ ಒಡೆದು ಇಂಧನವಾಗಿ ಉರಿದರೆ ಮುಗಿಯಿತು. ಇನ್ನೊಂದು ವಿಷಯ: ಸಾಗರದ ಮೀನು ಕೂಡಾ ಈಗ ಸಿಕ್ಕವನಿಗೆ ಸಿಕ್ಕಷ್ಟು ಎಂಬಂತಿಲ್ಲ. ತಿಮಿಂಗಿಲಗಳನ್ನು ಅಳಿವಿನ ಅಂಚಿಗೆ ತಳ್ಳಿದ ಬಳಿಕ ಜಗತ್ತು ಪಾಠ ಕಲಿತು, ಕೋಟಾ, ಋತು, ನಿಷೇಧ ಎಂದೆಲ್ಲಾ ನಿಯಮಗಳನ್ನು ಮಾಡಿತು. ಮೀನಿನ ಉದಾಹರಣೆ ಕೊಡುವವರು ಅರ್ಧ ಮೀನನ್ನಷ್ಟೇ ತೋರಿಸುತ್ತಾರೆ.

ಅಮೇರಿಕದ ಬೆನ್ನಿಗೇ 2017ರಲ್ಲಿ ಲಕ್ಸೆಂಬರ್ಗ್ ಕಾಯ್ದೆ ಮಾಡಿತು. ಉಡುಪಿ ಜಿಲ್ಲೆಗಿಂತಲೂ ಚಿಕ್ಕದಾದ ಈ ದೇಶಕ್ಕೆ ರಾಕೆಟ್ ಹಾರಿಸುವ ನೆಲೆ ಇಲ್ಲ. ಆದರೆ ಕಂಪೆನಿಗಳನ್ನು ಬರಮಾಡಿಕೊಳ್ಳುವ ಕಲೆ ಚೆನ್ನಾಗಿ ಗೊತ್ತು. 2019ರಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್, 2021ರಲ್ಲಿ ಜಪಾನ್. ಹೀಗೆ ನಾಲ್ಕು ದೇಶಗಳ ಸಂಸತ್ತು, ಸಚಿವಾಲಯಗಳು ಇಡೀ ಮನುಕುಲದ ಸೊತ್ತಿನ ಬಗ್ಗೆ ತಮ್ಮ ತಮ್ಮ ಪ್ರಜೆಗಳಿಗೆ ಪಟ್ಟೆ ಬರೆದುಕೊಟ್ಟವು.

ಬೇರೊಂದು ದಾರಿ ಇರಲಿಲ್ಲವೇ? ಇತ್ತು. 1979ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಚಂದ್ರ ಒಪ್ಪಂದವನ್ನು ಅಂಗೀಕರಿಸಿತು. ಚಂದ್ರ ಮತ್ತು ಅದರ ಸಂಪನ್ಮೂಲಗಳು ಮಾನವಕುಲದ ಸಮಾನ ಪರಂಪರೆ ಎಂದು ಅದರ ಹನ್ನೊಂದನೆಯ ವಿಧಿ ಘೋಷಿಸಿತು. ಗಣಿಗಾರಿಕೆಯನ್ನು ಅದು ಶಾಶ್ವತವಾಗಿ ನಿಷೇಧಿಸಿರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಅದು ಸಾಧ್ಯವಾಗುವ ಕಾಲ ಸಮೀಪಿಸಿದಾಗ ಎಲ್ಲರೂ ಕೂತು ಒಂದು ವ್ಯವಸ್ಥೆ ರೂಪಿಸಬೇಕು, ಲಾಭದಲ್ಲಿ ನ್ಯಾಯಯುತ ಪಾಲಿರಬೇಕು, ಹಂಚಿಕೆಯಲ್ಲಿ ಅಭಿವೃದ್ಧಿಶೀಲ ದೇಶಗಳ ಅಗತ್ಯವನ್ನೂ ಶ್ರಮಪಟ್ಟು ಅಲ್ಲಿಗೆ ಹೋದವರ ಕೊಡುಗೆಯನ್ನೂ ಪರಿಗಣಿಸಬೇಕು ಎಂದಷ್ಟೇ ಅದು ಹೇಳಿತ್ತು. ಇದರಲ್ಲಿ ಅನ್ಯಾಯವೇನಿದೆ? ಆದರೆ ಅಮೇರಿಕದಲ್ಲಿ ಬಾಹ್ಯಾಕಾಶ ವಸಾಹತಿನ ಕನಸು ಕಾಣುತ್ತಿದ್ದ ಎಲ್5 ಸೊಸೈಟಿ ಎಂಬ ಸಂಘಟನೆ ಅದರ ವಿರುದ್ಧ ಪಟ್ಟು ಹಿಡಿದು ಪ್ರಚಾರ ನಡೆಸಿತು. ಅಮೇರಿಕ ಒಪ್ಪಲಿಲ್ಲ, ಸೋವಿಯತ್ ಒಕ್ಕೂಟವೂ ಒಪ್ಪಲಿಲ್ಲ. 2020ರ ಎಪ್ರಿಲ್ 6ರಂದು ಡೊನಾಲ್ಡ್ ಟ್ರಂಪ್ ಹೊರಡಿಸಿದ ಆದೇಶವಂತೂ, ಬಾಹ್ಯಾಕಾಶವನ್ನು ಜಾಗತಿಕ ಸಾಮೂಹಿಕ ಸೊತ್ತೆಂದು ಅಮೇರಿಕ ಪರಿಗಣಿಸುವುದಿಲ್ಲ ಎಂದು ಮುಚ್ಚುಮರೆಯಿಲ್ಲದೆ ಸಾರಿತು. ಕೊರೋನಾ ಭೀತಿಯಿಂದ ಜಗತ್ತು ಬಾಗಿಲು ಮುಚ್ಚಿ ಕೂತಿದ್ದ ವಾರಗಳಲ್ಲಿ ಈ ಆದೇಶ ಹೊರಬಿತ್ತು.

ಅದೇ ವರ್ಷದ ಅಕ್ಟೋಬರ್ 13ರಂದು ಎಂಟು ದೇಶಗಳು ಆರ್ಟೆಮಿಸ್ ಒಡಂಬಡಿಕೆಗೆ ಸಹಿ ಹಾಕಿದವು. ಇದು ವಿಶ್ವಸಂಸ್ಥೆಯಲ್ಲಿ ಚರ್ಚೆಯಾಗಿ ಬಂದ ಒಪ್ಪಂದವಲ್ಲ. ಅಮೇರಿಕ ಸಿದ್ಧಪಡಿಸಿದ ಪಠ್ಯ. ಚಂದ್ರಯಾನದ ಜೊತೆಗಾರರಾಗಬೇಕಿದ್ದರೆ ಸಹಿ ಹಾಕಿರಿ ಎಂಬ ಆಹ್ವಾನ. 2025ರ ಕೊನೆಗೆ ಸಹಿ ಹಾಕಿದವರ ಸಂಖ್ಯೆ ಸುಮಾರು 60ಕ್ಕೆ ತಲುಪಿತ್ತು. ಸಂಪನ್ಮೂಲ ತೆಗೆಯುವುದು ತನ್ನಷ್ಟಕ್ಕೆ 1967ರ ಒಪ್ಪಂದದ ಎರಡನೆಯ ವಿಧಿಯಡಿ ಸ್ವಾಧೀನವಾಗುವುದಿಲ್ಲ ಎಂಬ ವ್ಯಾಖ್ಯಾನವನ್ನು ಈ ಒಡಂಬಡಿಕೆಯ ಹತ್ತನೆಯ ಭಾಗದಲ್ಲಿ ಸೇರಿಸಲಾಗಿದೆ. ನೂರಕ್ಕೂ ಹೆಚ್ಚು ದೇಶಗಳ ಒಪ್ಪಂದದ ಅರ್ಥವನ್ನು ಎಂಟು ದೇಶಗಳು ಕೂತು ತೀರ್ಮಾನಿಸಿದವು. ಉಳಿದವರು ಒಬ್ಬೊಬ್ಬರಾಗಿ ಬಂದು ಹೆಬ್ಬೆಟ್ಟು ಒತ್ತುತ್ತಿದ್ದಾರೆ.

ಹನ್ನೊಂದನೆಯ ಭಾಗದಲ್ಲಿ ಸುರಕ್ಷತಾ ವಲಯದ ಮಾತು ಬರುತ್ತದೆ. ಒಬ್ಬರ ಕೆಲಸಕ್ಕೆ ಇನ್ನೊಬ್ಬರಿಂದ ಹಾನಿಯಾಗದಂತೆ ಸುತ್ತ ಒಂದು ವಲಯವನ್ನು ಸೂಚಿಸಬಹುದು. ಅದು ತಾತ್ಕಾಲಿಕ, ಕೆಲಸ ಮುಗಿದಾಗ ಕೊನೆಗೊಳ್ಳಬೇಕು ಎಂದು ಅಲ್ಲಿ ಬರೆದಿದೆ. ಕಾಗದದ ಮೇಲೆ ಇದು ನಿರ್ದೋಷಿ. ಆದರೆ ಗಣಿಯ ಕೆಲಸ ಮುಗಿಯುವುದು ಯಾವಾಗ? ಖನಿಜ ಮುಗಿದಾಗ. ಇನ್ನು ಚಂದ್ರನ ಬೆಲೆಬಾಳುವ ಜಾಗ ವಿಶಾಲವಾದುದೂ ಅಲ್ಲ. ನಮ್ಮದೇ ಚಂದ್ರಯಾನ-1ರಲ್ಲಿದ್ದ ಉಪಕರಣದ ಮಾಹಿತಿಯನ್ನು ವಿಶ್ಲೇಷಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಿಮ ಉಳಿಯುವಷ್ಟು ತಣ್ಣಗಿರುವ ಧ್ರುವಪ್ರದೇಶಗಳಲ್ಲಿ ಶೇ. 3.5ರಷ್ಟರಲ್ಲಿ ಮಾತ್ರ ಮೇಲ್ಮೈಯಲ್ಲಿ ಹಿಮ ಗೋಚರಿಸಿದೆ. ಸೌರಶಕ್ತಿಗೆ ಅನುಕೂಲವಾಗಿ ಬಹುಕಾಲ ಬೆಳಕಿರುವ ದಿಬ್ಬಗಳೂ ಬೆರಳೆಣಿಕೆಯವು. ಮೊದಲು ಹೋದವನು ಇವುಗಳ ಸುತ್ತ ಸುರಕ್ಷತಾ ವಲಯವನ್ನು ಎಳೆದುಕೊಂಡರೆ ಎರಡನೆಯವನಿಗೆ ಉಳಿಯುವುದು ಧೂಳು. ಇದು ನಮ್ಮ ಕಲ್ಪನೆಯೆಂದು ಭಾವಿಸುವವರು 2025ರ ಆಗಸ್ಟ್‌ನಲ್ಲಿ ನಾಸಾದ ಹಂಗಾಮಿ ಮುಖ್ಯಸ್ಥ ಶಾನ್ ಡಫಿ ಹೊರಡಿಸಿದ ನಿರ್ದೇಶನವನ್ನು ಗಮನಿಸಬೇಕು. ಚಂದ್ರನಲ್ಲಿ ಪರಮಾಣು ಸ್ಥಾವರವನ್ನು ಮೊದಲು ಸ್ಥಾಪಿಸಿದ ದೇಶ ಪ್ರವೇಶನಿಷೇಧ ವಲಯವನ್ನು ಘೋಷಿಸಿಬಿಡಬಹುದು, ಆಗ ಅಮೇರಿಕಕ್ಕೆ ಅಡ್ಡಿಯಾದೀತು ಎಂಬ ಭಯವನ್ನು ಅದರಲ್ಲಿ ವ್ಯಕ್ತಪಡಿಸಲಾಗಿತ್ತು. ಅಂದರೆ ವಲಯ ಎಂಬುದು ಬೇಲಿಯೇ ಎಂದು ಅಮೇರಿಕಕ್ಕೂ ಗೊತ್ತು, ಆ ಬೇಲಿ ಇನ್ನೊಬ್ಬನದಾಗಬಾರದು ಅಷ್ಟೆ. ಈಸ್ಟ್ ಇಂಡಿಯಾ ಕಂಪೆನಿ ಭಾರತಕ್ಕೆ ಬಂದದ್ದು ರಾಜ್ಯ ಕೇಳಲಿಕ್ಕಲ್ಲ. ಸರಕಿಡಲು ಒಂದು ಕೋಠಿ, ಕೋಠಿಯ ರಕ್ಷಣೆಗೆ ಒಂದು ಗೋಡೆ, ಗೋಡೆಯ ಮೇಲೆ ನಾಲ್ಕು ತೋಪು ಇಷ್ಟನ್ನೇ ಅದು ಮೊದಲು ಕೇಳಿದ್ದು. 1765ರ ಹೊತ್ತಿಗೆ ಬಂಗಾಳದ ಕಂದಾಯ ವಸೂಲಿಯ ಹಕ್ಕು ಅದರ ಕೈಯಲ್ಲಿತ್ತು.

ಹಾಗೆಂದು ಚೀನಾ ಮತ್ತು ರಷ್ಯಾಗಳನ್ನು ಬಡವರ ಬಂಧುಗಳೆಂದು ಭ್ರಮಿಸಬೇಕಾಗಿಲ್ಲ. 2021ರಲ್ಲಿ ಅವೆರಡೂ ಸೇರಿ ಚಂದ್ರನಲ್ಲಿ ಸಂಶೋಧನಾ ಕೇಂದ್ರದ ಯೋಜನೆ ಪ್ರಕಟಿಸಿದವು, ಅವುಗಳ ಕಣ್ಣೂ ಅದೇ ದಕ್ಷಿಣ ಧ್ರುವದ ಮೇಲಿದೆ. ಆರ್ಟೆಮಿಸ್ ಒಡಂಬಡಿಕೆಯ ಯೋಜನೆಯನ್ನು ಇರಾಕ್ ಆಕ್ರಮಣಕ್ಕೆ ಹೋಲಿಸಿದ ರಷ್ಯಾದ ಅಂದಿನ ಬಾಹ್ಯಾಕಾಶ ಮುಖ್ಯಸ್ಥ ರೊಗೋಜಿನ್, ಉಕ್ರೇನಿನ ವಿಷಯದಲ್ಲಿ ತನ್ನ ದೇಶ ನಡೆಸಿದ ಆಕ್ರಮಣವನ್ನು ಕೊಂಡಾಡಿದವರೇ. ಚಂದ್ರ ಒಪ್ಪಂದಕ್ಕೆ ಈ ಎರಡು ದೇಶಗಳೂ ಸೇರಿಲ್ಲ.

ಆದರೆ ಅತ್ಯಂತ ಖೇದಕರ ನಡೆ ಬಂದದ್ದು ಅನಿರೀಕ್ಷಿತ ದಿಕ್ಕಿನಿಂದ. ಚಂದ್ರ ಒಪ್ಪಂದವನ್ನು ಉಳಿಸಿಕೊಂಡು ಬಂದ ಬೆರಳೆಣಿಕೆಯ ದೇಶಗಳ ಪೈಕಿ ಮುಸ್ಲಿಮ್ ಬಹುಸಂಖ್ಯಾತ ದೇಶಗಳ ಪಾಲು ಗಣನೀಯ: ಪಾಕಿಸ್ತಾನ, ಮೊರೊಕ್ಕೊ, ಕಝಾಕಸ್ತಾನ, ಟರ್ಕಿ, ಕುವೈತ್. 2012ರಲ್ಲಿ ಸೌದಿ ಅರೇಬಿಯವೂ ಸೇರಿತ್ತು. 2022ರ ಜುಲೈಯಲ್ಲಿ ಅದು ಆರ್ಟೆಮಿಸ್‌ಗೆ ಸಹಿ ಹಾಕಿತು, 2023ರ ಜನವರಿಯಲ್ಲಿ ಚಂದ್ರ ಒಪ್ಪಂದದಿಂದ ಹೊರನಡೆಯುವ ನೋಟೀಸು ಕೊಟ್ಟಿತು, 2024ರ ಜನವರಿ 5ರಂದು ಹೊರನಡೆಯಿತು. ವಿಶ್ವಸಂಸ್ಥೆಯ ಐದು ಬಾಹ್ಯಾಕಾಶ ಒಪ್ಪಂದಗಳಲ್ಲಿ ಯಾವುದರಿಂದಲೇ ಆಗಲಿ ಹಿಂದೆ ಸರಿದ ಪ್ರಥಮ ರಾಷ್ಟ್ರ ಎಂಬ ಕೀರ್ತಿ ಅದರದಾಯಿತು. ಒಪ್ಪಂದದಲ್ಲೀಗ ಉಳಿದಿರುವುದು 17 ರಾಷ್ಟ್ರಗಳು. ಎರಡರಲ್ಲೂ ಇರುವ ಆಸ್ಟ್ರೇಲಿಯದಂತಹ ದೇಶಕ್ಕೆ ಇಲ್ಲದ ಅವಸರ ರಿಯಾದ್‌ಗೆ ಯಾಕೆ ಬಂತು? ತೈಲ ಮುಗಿದ ಬಳಿಕದ ಆರ್ಥಿಕತೆಯ ಚಿಂತೆ ಅದಕ್ಕಿರುವುದು ಸಹಜ. ಆದರೆ ಹಂಚಿಕೊಳ್ಳುವ ಹೊಣೆಯಿಂದ ತಪ್ಪಿಸಿಕೊಳ್ಳುವುದು ಅದಕ್ಕೆ ಪರಿಹಾರವೇ?

ಇಲ್ಲಿ ಇಸ್ಲಾಮೀ ಕರ್ಮಶಾಸ್ತ್ರದ ವಿದ್ಯಾರ್ಥಿಗಳಿಗೆಲ್ಲ ತಿಳಿದಿರುವ ಒಂದು ಘಟನೆಯನ್ನು ನೆನಪಿಸುವುದು ಅಪ್ರಸ್ತುತವಾಗದು. ಯೆಮನ್‌ನ ಅಬ್ಯದ್ ಬಿನ್ ಹಮ್ಮಾಲ್ ಎಂಬವರು ಮಆರಿಬ್‌ನ ಉಪ್ಪಿನ ಗಣಿಯನ್ನು ತನಗೆ ಕೊಡಬೇಕೆಂದು ಪ್ರವಾದಿಯವರಲ್ಲಿ(ಸ) ಕೇಳಿದರು, ಅವರು ಕೊಟ್ಟರು. ಅದು ಬತ್ತದ ನೀರಿನಂತಹ, ಎಲ್ಲರೂ ಸಲೀಸಾಗಿ ತೆಗೆದುಕೊಳ್ಳುವ ಉಪ್ಪು ಎಂದು ಸಭೆಯಲ್ಲಿದ್ದವರೊಬ್ಬರು ಗಮನಕ್ಕೆ ತಂದಾಗ ಕೊಟ್ಟದ್ದನ್ನು ಹಿಂಪಡೆದರು. ಪಾಳು ಭೂಮಿಯನ್ನು ಶ್ರಮದಿಂದ ಹಸನು ಮಾಡಿದವನಿಗೆ ಅದು ಸಲ್ಲುತ್ತದೆ ಎನ್ನುವ ಅದೇ ಶಾಸ್ತ್ರ, ಎಲ್ಲರಿಗೂ ಬೇಕಾದ ಪ್ರಕಟ ಖನಿಜವನ್ನು ಒಬ್ಬನಿಗೆ ಬರೆದುಕೊಡಲು ಆಡಳಿತಗಾರನಿಗೂ ಅಧಿಕಾರವಿಲ್ಲ ಎಂಬ ತತ್ವವನ್ನು ಈ ಘಟನೆಯಿಂದ ಪಡೆಯಿತು. ಚಂದ್ರನ ಹಿಮ ಪ್ರಕಟವೋ ಗುಪ್ತವೋ ಎಂದು ವಿದ್ವಾಂಸರು ಚರ್ಚಿಸಲಿ, ಗುಪ್ತ ಖನಿಜದ ಬಗ್ಗೆ ಇಮಾಮರುಗಳಲ್ಲಿ ಭಿನ್ನಾಭಿಪ್ರಾಯವೂ ಇದೆ. ಆದರೆ ಚರ್ಚೆಯೇ ಇಲ್ಲದೆ ವಾಷಿಂಗ್ಟನ್ನಿನ ವ್ಯಾಖ್ಯಾನಕ್ಕೆ ತಲೆದೂಗುವುದನ್ನು ಏನೆನ್ನೋಣ?

ಇನ್ನು ನಮ್ಮ ದೇಶದ ಕಥೆ. 1982ರ ಜನವರಿಯಲ್ಲಿ ಭಾರತ ಚಂದ್ರ ಒಪ್ಪಂದಕ್ಕೆ ಸಹಿ ಹಾಕಿತು. ಅದನ್ನು ಸ್ಥಿರೀಕರಿಸಲೇ ಇಲ್ಲ. ಆದರೂ ಬಾಹ್ಯಾಕಾಶವು ಎಲ್ಲರಿಗೆ ಸೇರಿದ್ದೆಂಬ ನಿಲುವಿನ ಪರವಾಗಿ ತೃತೀಯ ಜಗತ್ತಿನ ಜೊತೆ ನಿಂತ ದೇಶವೆಂಬ ಗೌರವ ನಮಗಿತ್ತು. ಉಡುಪಿ ಸಮೀಪದ ಅದಮಾರಿನಲ್ಲಿ ಹುಟ್ಟಿದ ಪ್ರೊ. ಯು.ಆರ್. ರಾವ್ 1997ರಿಂದ 2000ದ ವರೆಗೆ ವಿಶ್ವಸಂಸ್ಥೆಯ ಬಾಹ್ಯಾಕಾಶ ಸಮಿತಿಯ ಅಧ್ಯಕ್ಷರಾಗಿದ್ದರು. ಚಂದ್ರನಲ್ಲಿ ನೀರಿನ ಅಂಶವಿದೆ ಎಂಬುದನ್ನು 2009ರಲ್ಲಿ ಜಗತ್ತಿಗೆ ತಿಳಿಸಿದ್ದು ಚಂದ್ರಯಾನ-1 ಹೊತ್ತೊಯ್ದ ಉಪಕರಣ. 2023ರ ಆಗಸ್ಟ್ 23ರಂದು ಬೆಂಗಳೂರಿನ ಇಸ್ರೋ ನಿಯಂತ್ರಣ ಕೇಂದ್ರದಿಂದ ಚಂದ್ರಯಾನ-3ನ್ನು ದಕ್ಷಿಣ ಧ್ರುವದ ಸಮೀಪ ಇಳಿಸಿದಾಗ, ಈ ವಿಷಯದಲ್ಲಿ ಮಾತಾಡುವ ಅರ್ಹತೆ ಭಾರತಕ್ಕಿರುವಷ್ಟು ಕೆಲವೇ ದೇಶಗಳಿಗಿತ್ತು.

ಆದರೆ ಮಾತಾಡುವ ಮೊದಲೇ ನಾವು ಸಹಿ ಹಾಕಿಯಾಗಿತ್ತು. ಅದಕ್ಕೆ ಎರಡು ತಿಂಗಳ ಹಿಂದೆ, ಜೂನ್ 21ರಂದು, ಪ್ರಧಾನಿಯವರ ಅಮೇರಿಕ ಭೇಟಿಯ ವೇಳೆ ವಾಷಿಂಗ್ಟನ್ನಿನ ಹೋಟೆಲೊಂದರಲ್ಲಿ ನಮ್ಮ ರಾಯಭಾರಿ ಆರ್ಟೆಮಿಸ್ ಒಡಂಬಡಿಕೆಗೆ ಸಹಿ ಮಾಡಿದರು. ಭಾರತ 27ನೆಯ ದೇಶ. ಇಂತಹ ದಾಖಲೆಗೆ ಸಂಸತ್ತಿನ ಪೂರ್ವಾನುಮತಿ ಬೇಕಿಲ್ಲ ಎಂಬ ಸವಲತ್ತನ್ನು ಸರಕಾರ ಧಾರಾಳ ಬಳಸಿಕೊಂಡಿತು. ಸಾಲದೆಂಬಂತೆ, 2023ರ ಎಪ್ರಿಲ್‌ನಲ್ಲಿ ಪ್ರಕಟವಾದ ಭಾರತೀಯ ಬಾಹ್ಯಾಕಾಶ ನೀತಿಯನ್ನು ಒಮ್ಮೆ ಓದಿ ನೋಡಿರಿ. ಕ್ಷುದ್ರಗ್ರಹ ಅಥವಾ ಬಾಹ್ಯಾಕಾಶದ ಸಂಪನ್ಮೂಲವನ್ನು ಪಡೆದ ಖಾಸಗಿ ಸಂಸ್ಥೆ ಅದನ್ನು ವಶದಲ್ಲಿಟ್ಟುಕೊಳ್ಳುವ, ಒಡೆಯನಾಗುವ, ಸಾಗಿಸುವ, ಬಳಸುವ ಮತ್ತು ಮಾರುವ ಹಕ್ಕು ಹೊಂದಿರುತ್ತದೆ ಎಂದು ಅದರಲ್ಲಿದೆ. ಅದೇ ಐದು ಕ್ರಿಯಾಪದಗಳು, ಅದೇ ಕ್ರಮದಲ್ಲಿ! ಕೊನೆಯಲ್ಲಿ ಭಾರತದ ಅಂತರಾಷ್ಟ್ರೀಯ ಬಾಧ್ಯತೆಗಳಿಗೆ ಒಳಪಟ್ಟು ಎಂಬ ಬಾಲವೂ ಹಾಗೆಯೇ. ಸ್ವಾವಲಂಬನೆಯ ಘೋಷಣೆ ಮೊಳಗುತ್ತಿರುವ ದೇಶದಲ್ಲಿ ಚಂದ್ರನ ಹಕ್ಕಿನ ಭಾಷೆಯನ್ನು ಮಾತ್ರ ಅಮೇರಿಕದ ಕಾಯ್ದೆ ಪುಸ್ತಕದಿಂದ ನಕಲು ಮಾಡಲಾಯಿತು. ಇತ್ತ, ಖಾಸಗಿಯವರನ್ನು ನಿಯಂತ್ರಿಸಬೇಕಾದ ಬಾಹ್ಯಾಕಾಶ ಚಟುವಟಿಕೆಗಳ ಮಸೂದೆಯ ಕರಡು 2017ರಲ್ಲಿ ಪ್ರಕಟವಾಗಿ ಕಾಯ್ದೆಯಾಗದೆ ಹೋಯಿತು. ಹಕ್ಕು ಮೊದಲು ಬಂತು, ಕಾನೂನು ಬರಲಿಲ್ಲ.

ಒಡೆತನದ ಖಾತ್ರಿಯಿಲ್ಲದೆ ಯಾರು ಬಂಡವಾಳ ಹೂಡುತ್ತಾರೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಉತ್ತರವೂ ಇತಿಹಾಸದಲ್ಲಿಯೇ ಇದೆ. ಭೂಮಿಯಿಂದ 35,786 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹಗಳು ನಿಶ್ಚಲವಾಗಿ ನಿಂತಂತೆ ತೋರುವ ಭೂಸ್ಥಿರ ಕಕ್ಷೆಯೂ ಸೀಮಿತ ಸಂಪನ್ಮೂಲವೇ. ಅಲ್ಲಿಯೂ ಮೊದಲು ಬಂದವರಿಗೆ ಮೊದಲು ಎಂಬ ನಿಯಮವಿತ್ತು. 1976ರಲ್ಲಿ ಕೊಲಂಬಿಯ, ಇಂಡೊನೇಷ್ಯ, ಕೆನ್ಯ, ಉಗಾಂಡ ಮೊದಲಾದ ಭೂಮಧ್ಯರೇಖೆಯ ದೇಶಗಳು ಬೊಗೋಟದಲ್ಲಿ ಸೇರಿ ಇದರ ವಿರುದ್ಧ ಧ್ವನಿಯೆತ್ತಿದವು. ತಮ್ಮ ತಲೆಯ ಮೇಲಿನ ಕಕ್ಷೆ ತಮ್ಮದೇ ಎಂದ ಅವರ ವಾದ ಕಾನೂನಿನ ದೃಷ್ಟಿಯಿಂದ ದುರ್ಬಲವಾಗಿತ್ತು, ಶ್ರೀಮಂತ ದೇಶಗಳು ನಕ್ಕುಬಿಟ್ಟವು. ಆದರೆ ತಡವಾಗಿ ಬರುವವರ ಕುರಿತು ಆರಂಭವಾದ ಒತ್ತಡ ನಿಲ್ಲಲಿಲ್ಲ. 1988ರಲ್ಲಿ ಅಂತರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಮ್ಮೇಳನವು ಕೆಲವು ತರಂಗಾಂತರಗಳಲ್ಲಿ ಪ್ರತಿ ದೇಶಕ್ಕೂ, ಅದರ ಬಳಿ ಉಪಗ್ರಹ ಇರಲಿ ಇಲ್ಲದಿರಲಿ, ಕಕ್ಷೆಯಲ್ಲೊಂದು ಸ್ಥಾನವನ್ನು ಕಾದಿರಿಸಿತು. ಇದರಿಂದ ಉಪಗ್ರಹ ಉದ್ಯಮ ಮುಳುಗಿತೇ? ಇಲ್ಲ, ಅದು ಬೆಳೆಯಿತು.

ತದ್ವಿರುದ್ಧವಾದ ಎಚ್ಚರಿಕೆಯೂ ಇದೆ. ಆಳಸಮುದ್ರದ ತಳವನ್ನು 1982ರ ಸಮುದ್ರ ಕಾನೂನು ಒಪ್ಪಂದ ಮಾನವಕುಲದ ಸಮಾನ ಪರಂಪರೆ ಎಂದಿತು. ಅಮೇರಿಕವನ್ನು ಒಲಿಸಲೆಂದು 1994ರಲ್ಲಿ ಅದರ ಹಲ್ಲುಗಳನ್ನು ಕೀಳಲಾಯಿತು. ತಂತ್ರಜ್ಞಾನ ಹಂಚಿಕೆಯ ಕಡ್ಡಾಯ ಹೋಯಿತು, ಉತ್ಪಾದನೆಯ ಮಿತಿ ಹೋಯಿತು. ಅಮೇರಿಕ ಅನಂತರವೂ ಸೇರಲಿಲ್ಲ. 2025ರ ಎಪ್ರಿಲ್‌ನಲ್ಲಿ ತನ್ನದೇ ಕಾನೂನಿನಡಿ ಅಂತರಾಷ್ಟ್ರೀಯ ಸಮುದ್ರತಳದ ಗಣಿಗಾರಿಕೆಗೆ ಪರವಾನಿಗೆ ಕೊಡುವ ಆದೇಶವನ್ನು ಅದರ ಅಧ್ಯಕ್ಷರು ಹೊರಡಿಸಿದರು. ದೊಡ್ಡಣ್ಣನ ಮನವೊಲಿಸಲು ಮೊದಲೇ ಬಿಟ್ಟುಕೊಟ್ಟವರಿಗೆ ಕೊನೆಗೆ ಸಿಕ್ಕಿದ್ದೇನು?

ವಿಯೆನ್ನಾದಲ್ಲಿ ವಿಶ್ವಸಂಸ್ಥೆಯ ಬಾಹ್ಯಾಕಾಶ ಸಮಿತಿಯ ಕಾನೂನು ಉಪಸಮಿತಿ 2021ರಲ್ಲಿ ಇದೇ ವಿಷಯಕ್ಕಾಗಿ ಕಾರ್ಯತಂಡವೊಂದನ್ನು ರಚಿಸಿತು. ಸಂಪನ್ಮೂಲ ಬಳಕೆಯ ಕುರಿತು ತತ್ವಗಳ ಕರಡನ್ನು ಸಿದ್ಧಪಡಿಸುವ ಅದರ ಐದು ವರ್ಷಗಳ ಕಾರ್ಯಯೋಜನೆಯ ಗಡು 2027. ಅಲ್ಲಿ ಎಲ್ಲ ತೀರ್ಮಾನವೂ ಸರ್ವಾನುಮತದಿಂದ ಆಗಬೇಕು. ಅದು ಅದರ ದೌರ್ಬಲ್ಯವೂ ಹೌದು, ಸಣ್ಣ ದೇಶಗಳ ಕೈಯಲ್ಲಿರುವ ಏಕೈಕ ಅಸ್ತ್ರವೂ ಹೌದು. ಆರ್ಟೆಮಿಸ್ ಒಡಂಬಡಿಕೆ ಕಾನೂನುಬದ್ಧವಾಗಿ ಕಟ್ಟಿಹಾಕುವಂತಹದ್ದಲ್ಲ ಎಂದು ಸಹಿ ಹಾಕಿದವರೇ ಹೇಳುತ್ತಾರೆ. ಹಾಗಾದರೆ ಭಾರತಕ್ಕೆ ವಿಯೆನ್ನಾದಲ್ಲಿ ಬಾಯಿ ತೆರೆಯಲು ಅಡ್ಡಿಯೇನು? ಹೊರತೆಗೆಯುವ ಪ್ರತಿ ಕಿಲೋವಿಗೂ ಸಾರ್ವಜನಿಕ ನೋಂದಣಿ ಇರಲಿ, ಸುರಕ್ಷತಾ ವಲಯಕ್ಕೆ ವಿಸ್ತೀರ್ಣದ ಮತ್ತು ವರ್ಷಗಳ ಮಿತಿ ಇರಲಿ, ಹಿಮದ ಗುಳಿಗಳಲ್ಲಿ ಒಂದು ಪಾಲನ್ನು ಇನ್ನೂ ರಾಕೆಟ್ ಕಟ್ಟದ ದೇಶಗಳಿಗಾಗಿ ಕಾದಿರಿಸಲಿ, ಲಾಭದಿಂದ ಒಂದು ರಾಜಧನ ಸಾಮೂಹಿಕ ನಿಧಿಗೆ ಹೋಗಲಿ ಎಂದು ಹೇಳಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಅದಕ್ಕೂ ಮೊದಲು, ನಮ್ಮ ಬಾಹ್ಯಾಕಾಶ ನೀತಿಯೊಳಗೆ ಆ ಐದು ಕ್ರಿಯಾಪದಗಳನ್ನು ಬರೆಸಿದವರು ಯಾರು, ಯಾವ ಚರ್ಚೆಯ ಬಳಿಕ ಎಂದು ನಮ್ಮ ಸಂಸದರಲ್ಲಿ ಒಬ್ಬರಾದರೂ ಸದನದಲ್ಲಿ ಪ್ರಶ್ನಿಸಲಿ. 2027 ದೂರವಿಲ್ಲ.